ನೀಲಿ ಬಾಗಿಲಿನ ಮೇಲೆ ಕಪ್ಪು ಪಟ್ಟಿ

ಸತ್ತವನು ನೀಲಿ ಬಾಗಿಲ ಮುಂದೆ ನಿಂತಿದ್ದ.

ಎಡಗೈಯಲ್ಲಿ ಮೈದಾ ಅಂಟಿನ ಬಟ್ಟಲು. ಬಲಗೈಯಲ್ಲಿ ಕುಂಚ. ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ಕಾಗದ.

ನಿನ್ಫಾ ಮರಳಿನ ನಡುವೆಯೇ ನಿಂತುಬಿಟ್ಟಳು. ಕೈಯಲ್ಲಿದ್ದ ಬುತ್ತಿಯ ಬುಟ್ಟಿ ಭಾರವೋ, ಎದೆಯೇ ಭಾರವೋ ತಿಳಿಯಲಿಲ್ಲ.

'ಇಲ್ಲ... ಬಿಸಿಲು ಇದು. ಬಿಸಿಲಿಗೆ ಕಣ್ಣು ಹೀಗೇ ಆಟ ಆಡುತ್ತೆ...'

ಆದರೆ ಆ ಬಲಭುಜ! ಎಡಭುಜಕ್ಕಿಂತ ಒಂದು ಚೂರು ಕೆಳಗಿಳಿದ ಆ ಭುಜ... ಅವನು ಕುಂಚ ಹಿಡಿದ ಕೈಯಿಂದಲೇ ಕಿವಿಯ ಹಾಲೆ ಎಳೆದುಕೊಂಡ. ಯೋಚನೆಗೆ ಬಿದ್ದಾಗ ಅವನ ಚಾಳಿ ಅದು.

ಕೂದಲು ನರೆತಿತ್ತು. ಬೆನ್ನು ದಪ್ಪವಾಗಿತ್ತು. ಆದರೂ ಆ ಬೆನ್ನನ್ನು ಅವಳು ಗುರುತಿಸದೆ ಇರುವುದುಂಟೇ? ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅವನ ಆತ್ಮಕ್ಕೊಂದು ಪ್ರಾರ್ಥನೆ ಹೇಳದೆ ಅವಳು ಒಂದು ದಿನವೂ ದೀಪ ಆರಿಸಿದವಳಲ್ಲ.

"ಚಿಕ್ಕಮ್ಮಾ, ಯಾಕೆ ನಿಂತ್ಬಿಟ್ಟೆ? ಕಾಲು ಸುಡ್ತಿದೆಯಾ?" ಹಿಂದಿನಿಂದ ವೀತಾ ಓಡಿ ಬಂದಳು. ನಿನ್ಫಾಳ ಅಕ್ಕನ ಮಗಳು. ಮುಂದಿನ ತಿಂಗಳು ಅವಳ ಮದುವೆ. ಅದಕ್ಕೆ ಮುಂಚೆ ಒಮ್ಮೆಯಾದರೂ ಕಡಲಿಗೆ ಬಾ ಎಂದು ಹಟ ಹಿಡಿದು ಕರೆತಂದವಳು ಅವಳೇ. "ನಾನು ಹೇಳ್ದೆ ತಾನೇ? ಕಡಲಿಗೆ ಬರೋಳು ಕರಿ ಕಾಲುಚೀಲ ಹಾಕ್ಕೊಂಡು ಬಂದ್ರೆ ಇನ್ನೇನಾಗುತ್ತೆ! ಮೀನುಗಳು ಕೂಡ ಸೂತಕ ಆಚರಿಸ್ತವೆ!"

ಮಾತು ಅಲೆಯ ಸದ್ದಿನಲ್ಲಿ ಕಲೆತುಹೋಯಿತು; ಬರೀ ದನಿಗೆ ಅವನು ತಿರುಗಿದ.

ನೋಡಿದ. ನೋಡುತ್ತಲೇ ಇದ್ದ. ಕುಂಚದಿಂದ ಅಂಟು ತೊಟ್ಟು ತೊಟ್ಟಾಗಿ ಅವನ ಬೂಟಿನ ಮೇಲೆ ಬೀಳುತ್ತಿತ್ತು. ಅವನಿಗೆ ಗೊತ್ತಾಗಲಿಲ್ಲ.

ಮೊದಲು ಅವಳ ಮುಖ ನೋಡಿದ. ಆಮೇಲೆ ಅವಳ ಕಪ್ಪು ಉಡುಗೆ. ಆಮೇಲೆ ವೀತಾಳನ್ನು ನೋಡಿ, ಕಷ್ಟಪಟ್ಟು ಒಂದು ನಗೆ ತಂದುಕೊಂಡ.

"ಚೆನ್ನಾಗಿದ್ದೀರಾ?" ಎಂದ. "ನಿಮ್ಮ ಮಗಳು... ನಿಮ್ಮ ಹಾಗೇ ಇದ್ದಾಳೆ."

ನಿಮ್ಮ! ಒಂದು ಕಾಲದಲ್ಲಿ ಇದೇ ಬಾಗಿಲ ಹಿಂದೆ ಅವಳ ಒದ್ದೆ ಜಡೆ ಹಿಂಡಿಕೊಟ್ಟವನು ಈಗ 'ನಿಮ್ಮ' ಎನ್ನುತ್ತಿದ್ದಾನೆ!

"ನೀನು ಸತ್ತಿದ್ದೀಯ" ಎಂದಳು ನಿನ್ಫಾ.

"ಏನಂದ್ರಿ?"

"ನೀನು ಸತ್ತುಹೋಗಿದ್ದೀಯ, ಗಾಸ್ಪಾರೆ!"

ಅಷ್ಟು ಹೇಳಿ ಅವಳು ಮರಳಿನಲ್ಲಿ ಕುಸಿದು ಕೂತಳು.

ಮೊಂದೆಲ್ಲೋ ತೀರಕ್ಕೆ ಕಡಲಸ್ನಾನಕ್ಕೆ ಬರುವ ಮನೆಯವರು ಹಗಲು ಕಳೆಯುವ ಈ ಮರದ ಗೂಡುಗಳು ನಮ್ಮ ಅಜ್ಜಿಯರ ಕಾಲದವು. ಬೇಸಿಗೆ ಬಂತೆಂದರೆ ಸಾಲು ಸಾಲಾಗಿ ಎದ್ದು ನಿಲ್ಲುತ್ತವೆ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಹಲಗೆ ಹಲಗೆಯಾಗಿ ಬಿಚ್ಚಿ ಗಾಡಿಗೆ ಏರಿಸುತ್ತಾರೆ. ಮರುವರ್ಷ ಅದೇ ಹಲಗೆ, ಅದೇ ಬಾಗಿಲು, ಅದೇ ಜಾಗ. ನಾಲ್ಕು ಸಾಲು ಸೇರಿದರೆ ಒಂದು ಅಂಗಳ. ಅಂಗಳದಲ್ಲಿ ಯಾರ ಪಾಸ್ತಾಗೆ ಉಪ್ಪು ಹೆಚ್ಚಾಯಿತು ಎಂಬುದು ಎಲ್ಲರಿಗೂ ಗೊತ್ತು. ಆದರೆ ಹಲಗೆ ಬಿಚ್ಚಿದ ಮೇಲೆ ಯಾರು ಎಲ್ಲಿ, ಬದುಕಿದರೋ ಸತ್ತರೋ, ಯಾರೂ ಕೇಳುವುದಿಲ್ಲ. ಬೇಸಿಗೆಯ ನೆಂಟಸ್ತಿಕೆ ಬೇಸಿಗೆಗೇ ಮುಗಿಯಿತು.

ನಿನ್ಫಾ ಪಲೆರ್ಮೊ ಪೇಟೆಯ ಕಾಪೋ ಬೀದಿಯವಳು, ಬಟ್ಟೆ ಹೊಲಿಯುವವರ ಮನೆ ಹುಡುಗಿ. ಗಾಸ್ಪಾರೆ ಮೇಲಿನ ಗುಡ್ಡದ ಮೊನ್ರೆಯಾಲೆಯವನು, ನಿಂಬೆ ತೋಟದ ಮನೆ. ಎರಡು ಮನೆಯ ಗೂಡುಗಳೂ ಅಕ್ಕಪಕ್ಕ. ನಡುವೆ ಒಂದು ಹಲಗೆಯಷ್ಟೇ ಗೋಡೆ. ಹುಡುಗ ಹುಡುಗಿ ಆ ಹಲಗೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ಮಾತಾಡಲು ಕಲಿತರು. ಯಾರೂ ನೋಡಲಿಲ್ಲ ಎಂದುಕೊಂಡಿದ್ದರು. ನಾವೆಲ್ಲ ನೋಡಿದ್ದೆವು.

ಗಾಸ್ಪಾರೆಯ ತಾಯಿ ಸಾವೇರಿಯಾ ಕೂಡ ನೋಡಿದ್ದಳು. ಗಂಡ ಸತ್ತ ಹೆಂಗಸು, ಒಬ್ಬನೇ ಮಗ, ಕಬ್ಬಿಣದಂಥ ಮಾತು.

ಆ ಬೇಸಿಗೆಯ ಕೊನೆಯ ದಿನ, ಹಲಗೆ ಬಿಚ್ಚುವವರು ಬರುವ ಮುಂಚೆ, ಗಾಸ್ಪಾರೆ ನಿನ್ಫಾಳ ಕೈ ಹಿಡಿದಿದ್ದ.

"ಜೆನೋವಾಗೆ ಹೋಗ್ತೀನಿ. ಹಡಗು ಕಟ್ಟೋ ಕಡೆ ಕೆಲಸ ಸಿಕ್ಕಿದೆ. ಎರಡು ಬೇಸಿಗೆ ಕಾಯ್ತೀಯಾ?"

"ಕಾದ್ರೆ?"

"ಆಗಸ್ಟ್ ನಡುವೆ ಮೇರಿ ಮಾತೆ ಹಬ್ಬದ ದಿನ ಬರ್ತೀನಿ. ಇಲ್ಲಿಂದಲೇ ಓಡಿಹೋಗೋಣ."

ಫುಯಿತೀನ! ಬಡವರ ಮನೆ ಮಕ್ಕಳಿಗೆ ನಮ್ಮಲ್ಲಿ ಅದೊಂದು ದಾರಿ. ಹುಡುಗ ಹುಡುಗಿ ಓಡಿಹೋಗಿ ಒಂದು ರಾತ್ರಿ ಹೊರಗೆ ಕಳೆದು ಬಂದರೆ ಸಾಕು, ಮರುದಿನ ಎರಡೂ ಮನೆಯವರು ಬಾಯಿ ಮುಚ್ಚಿಕೊಂಡು ಪಾದ್ರಿಯ ಹತ್ತಿರ ಹೋಗಲೇಬೇಕು. ಊಟವಿಲ್ಲ, ಉಡುಗೊರೆಯಿಲ್ಲ, ವಾದವೂ ಇಲ್ಲ.

"ನಿಮ್ಮಮ್ಮ?" ನಿನ್ಫಾ ಕೇಳಿದ್ದಳು.

"ಅಮ್ಮನಿಗೆ ಹೇಳೇ ಹೋಗ್ತೀನಿ. ಕಳ್ಳನ ಹಾಗೆ ಹೋಗಲ್ಲ" ಎಂದಿದ್ದ ಅವನು.

ಹೇಳಿಯೇ ಹೋದ. ಅದೇ ತಪ್ಪಾಯಿತು.

ಮರುವರ್ಷ ಜೂನಿನಲ್ಲಿ ಗೂಡುಗಳು ಎದ್ದವು. ನಿನ್ಫಾ ಓಡೋಡಿ ಬಂದಳು. ಪಕ್ಕದ ನೀಲಿ ಬಾಗಿಲು ಮುಚ್ಚಿತ್ತು. ಅದರ ಮೇಲೆ ಓರೆಯಾಗಿ ಅಂಟಿಸಿದ ಬಿಳಿ ಕಾಗದದ ಪಟ್ಟಿ, ಸುತ್ತ ಕಪ್ಪು ಅಂಚು. ಸಾವಾದ ಮನೆಯ ಬಾಗಿಲಿಗೆ ನಾವೆಲ್ಲ ಅಂಟಿಸುವಂಥದ್ದೇ.

'ನನ್ನ ಮಗನಿಗಾಗಿ.'

ಬಾಗಿಲ ಮುಂದೆ ಸಾವೇರಿಯಾ ಕುರ್ಚಿ ಹಾಕಿಕೊಂಡು ಕೂತಿದ್ದಳು. ತಲೆಯಿಂದ ಕಾಲಿನವರೆಗೆ ಕಪ್ಪು.

"ಅಮ್ಮಾ... ಗಾಸ್ಪಾರೆ..." ಎಂದಳು ನಿನ್ಫಾ.

"ಸತ್ತ" ಎಂದಳು ಸಾವೇರಿಯಾ. "ಎಲ್ಲಿ, ಹೇಗೆ ಅಂತ ಕೇಳಬೇಡ. ನಿನಗೇನು ಸಂಬಂಧ?"

ಹೌದು, ಏನು ಸಂಬಂಧ? ನಿಶ್ಚಿತಾರ್ಥವಿಲ್ಲ, ಉಂಗುರವಿಲ್ಲ. ಗುಡ್ಡ ಹತ್ತಿ ಅವನ ಊರಿಗೆ ಹೋಗಿ ಯಾರೆಂದು ಹೇಳಿಕೊಂಡು ವಿಚಾರಿಸುವುದು? ಹಲಗೆ ತಟ್ಟಿದವಳು ಎಂದೇ?

ಮನೆಗೆ ಬಂದು ನಿನ್ಫಾ ತನ್ನ ಎರಡು ಬಣ್ಣದ ಉಡುಗೆಗಳನ್ನೂ ಕುದಿಯುವ ಕಪ್ಪು ಬಣ್ಣದ ಪಾತ್ರೆಗೆ ಹಾಕಿದಳು. ಅಪ್ಪ ಕೂಗಾಡಿದ. ಅಕ್ಕ ಅತ್ತಳು. ನಿನ್ಫಾ ಕೋಲಿನಿಂದ ಪಾತ್ರೆ ತಿರುವುತ್ತಲೇ ಇದ್ದಳು.

ಅಂದಿನಿಂದ ಇಂದಿನವರೆಗೂ ಅವಳ ಮೈಮೇಲೆ ಬೇರೆ ಬಣ್ಣ ಬಂದಿಲ್ಲ. ಊರಿನ ಹುಡುಗಿಯರ ಬಿಳಿ ಮದುವೆ ಉಡುಗೆಗಳನ್ನೆಲ್ಲ ಹೊಲಿದವಳು ಆ ಕಪ್ಪುಡುಗೆಯವಳೇ.

ಈಗ ಅವಳ ಮುಂದೆ ಗಾಸ್ಪಾರೆ ಮಂಡಿಯೂರಿ ಕೂತಿದ್ದ. ವೀತಾ ಬಾಟಲಿಯಿಂದ ನೀರು ಕುಡಿಸುತ್ತಿದ್ದಳು. ಪಕ್ಕದ ಗೂಡಿನ ಮೇನಾ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತ ಬಂದಳು. ಸಾವೇರಿಯಾ ಜೊತೆ ಅರ್ಧ ಆಯುಷ್ಯ ಈ ಅಂಗಳದಲ್ಲಿ ಕಳೆದವಳು ಅವಳು.

"ಸಂತ ರೊಸಾಲಿಯಾ ತಾಯೀ! ಸಾವೇರಿಯಾ ಮಗನಾ ನೀನು? ದೆವ್ವ ಅಲ್ಲ ತಾನೇ?"

"ಅಲ್ಲ, ಮೇನಮ್ಮ."

"ಹಾಗಾದ್ರೆ ಇದನ್ನ ತಿನ್ನು." ಕೈಯಲ್ಲಿದ್ದ ಕಡಲೆಹಿಟ್ಟಿನ ಬಿಲ್ಲೆಯನ್ನು ಅವನ ಬಾಯಿಗೇ ತುರುಕಿದಳು. ಅವನು ಅಗಿದ. "ಹೂಂ... ಅಗೀತಾನೆ. ದೆವ್ವಕ್ಕೆ ಹಲ್ಲು ಇರಲ್ಲ."

ವೀತಾ ನಕ್ಕುಬಿಟ್ಟಳು. ಆಮೇಲೆ ಚಿಕ್ಕಮ್ಮನ ಮುಖ ನೋಡಿ ನಗೆ ನುಂಗಿಕೊಂಡಳು.

"ಯಾರು ಹೇಳಿದ್ದು ನಿಮಗೆ, ನಾನು ಸತ್ತೆ ಅಂತ?" ಗಾಸ್ಪಾರೆ ಕೇಳಿದ.

ನಿನ್ಫಾ ನೀರಿನ ಬಾಟಲಿ ಸರಿಸಿದಳು. ಎದ್ದಳು. ನೀಲಿ ಬಾಗಿಲ ಹತ್ತಿರ ಹೋಗಿ ಅವನ ಕೈಯನ್ನು ಎಳೆದು ಹಲಗೆಯ ಮೇಲಿಟ್ಟಳು.

"ಮುಟ್ಟಿ ನೋಡು."

ವರ್ಷಕ್ಕೊಂದು ಸಲ ಬಳಿದ ಬಣ್ಣ ಪದರ ಪದರವಾಗಿ ಕೂತಿತ್ತು. ಆ ಬಣ್ಣದ ಕೆಳಗೆ, ಓರೆಯಾಗಿ, ಒಂದು ಪಟ್ಟಿಯ ಅಂಚು ಬೆರಳಿಗೆ ಸಿಕ್ಕಿತು. ಗಾಯ ಮಾಗಿದ ಜಾಗದ ಹಾಗೆ.

"ಇದೇನು?"

"ನೀನು" ಎಂದಳು. "ನಿನ್ನ ಸಾವಿನ ಪಟ್ಟಿ ಇದು. ನಿಮ್ಮಮ್ಮ ಅಂಟಿಸಿದ್ದು."

ಗಾಸ್ಪಾರೆ ಉಗುರಿನಿಂದ ಕೆರೆದ. ಬಣ್ಣದ ಚಕ್ಕೆ ಎದ್ದಿತು. ಕೆಳಗೆ ಹಳದಿಗಟ್ಟಿದ ಕಾಗದ, ಕಪ್ಪು ಗೆರೆಯ ಚೂರು. ಇನ್ನೊಂದಿಷ್ಟು ಕೆರೆದ. 'ಮಗನಿಗಾ...' ಎಂಬಷ್ಟು ಕಂಡಿತು.

ಅವನ ಕೈ ನಿಂತುಹೋಯಿತು.

ಕಂಕುಳಲ್ಲಿದ್ದ ಸುರುಳಿ ಕೆಳಗೆ ಬಿದ್ದು ಬಿಚ್ಚಿಕೊಂಡಿತು. ಅದೂ ಕಪ್ಪು ಅಂಚಿನ ಪಟ್ಟಿಯೇ. 'ನನ್ನ ತಾಯಿಗಾಗಿ.'

"ಈಸ್ಟರ್ ಆದ ಮರುವಾರ ಅಮ್ಮ ತೀರಿಕೊಂಡಳು" ಎಂದ ಅವನು ಮೆಲ್ಲಗೆ. "ಸೋದರಮಾವನ ಮಗ ಜೆನೋವಾಗೆ ಹೇಳಿ ಕಳಿಸಿದ. ಬರೋಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಮನೆ ಬಾಗಿಲಿಗೆ ಅಂದೇ ಅಂಟಿಸಿದೆ. ಕಡಲ ಬಾಗಿಲಿಗೂ ಒಂದು ಅಂಟಿಸು, ಸಾಯೋತನಕ ಆ ಗೂಡು ಬಿಡಲಿಲ್ಲ ಅವಳು ಅಂದ. ಇಷ್ಟು ದಿನ ಕಾಲೇ ಏಳಲಿಲ್ಲ ನನಗೆ. ನಾಳೆ ಹಲಗೆ ಬಿಚ್ತಾರೆ ಅಂತ ಇವತ್ತು ಬಂದೆ. ನನಗೆ ಗೊತ್ತಿರಲಿಲ್ಲ... ಮೇರಿ ಮಾತೆಯಾಣೆ, ಗೊತ್ತಿರಲಿಲ್ಲ!"

"ಯಾಕೆ ಹಾಗೆ ಮಾಡಿದ್ರು ಅವರು?" ಕೇಳಿದವಳು ವೀತಾ.

ಅವನು ಕಿವಿಯ ಹಾಲೆ ಎಳೆದುಕೊಂಡ.

"ಹೊರಡೋ ದಿನ ಅಮ್ಮ ಅಂದಳು, 'ಆ ದರ್ಜಿ ಹುಡುಗಿನ ಕರ್ಕೊಂಡು ಓಡಿದ್ರೆ ನೀನು ನನ್ನ ಪಾಲಿಗೆ ಸತ್ತ ಹಾಗೆ.' ನಾನೂ ಬಿಸಿ ರಕ್ತ... 'ಹಾಗಾದ್ರೆ ಇವತ್ತೇ ಸತ್ತೆ ಅಂದ್ಕೋ. ಅತ್ತುಬಿಡು' ಅಂದೆ." ಬಾಗಿಲಿನ ಹಳೆಯ ಪಟ್ಟಿಯ ಕಡೆ ಕೈ ತೋರಿದ. "ಅಂದ್ಕೊಂಡಳು. ಅತ್ತೂಬಿಟ್ಟಳು."



ನಿನ್ಫಾಳ ಮನಸ್ಸು ಬೇರೆಲ್ಲೋ ಸಿಕ್ಕಿಕೊಂಡಿತ್ತು. 'ಬದುಕಿದ್ದ... ಇಷ್ಟೂ ವರ್ಷ ಉಸಿರಾಡ್ತಾ ಇದ್ದ... ಮತ್ತೆ ಯಾಕೆ ಬರಲಿಲ್ಲ?'

"ನೀನು ಬರ್ತೀನಿ ಅಂದಿದ್ದೆ" ಎಂದಳು. "ಎರಡನೇ ಬೇಸಿಗೆಗೆ. ಹಬ್ಬದ ದಿನ."

"ಬಂದಿದ್ದೆ."

"ಸುಳ್ಳು!"

"ಬಂದಿದ್ದೆ, ನಿನ್ಫಾ. ಅಮ್ಮನ ಕಣ್ಣಿಗೆ ಬೀಳಬಾರದು ಅಂತ ಅಂಗಳಕ್ಕೆ ಇಳೀಲಿಲ್ಲ. ಮೇಲೆ ರಸ್ತೆ ಕಟಕಟೆ ಹತ್ತಿರ ನಿಂತು ನೋಡಿದೆ. ನೀನು ನೀರಿನ ಅಂಚಲ್ಲಿ ಕೂತಿದ್ದೆ. ಮೈತುಂಬಾ ಕಪ್ಪು. ತೊಡೆ ಮೇಲೆ ಒಂದು ಎಳೆ ಮಗು. ಕಲ್ಲಂಗಡಿ ಮಾರೋನನ್ನ ಕೇಳಿದೆ, 'ಯಾರಪ್ಪಾ ಆಕೆ?' ಅಂತ. 'ಇನ್ಯಾರು, ಯಾವಳೋ ವಿಧವೆ, ಪಾಪ, ಎಳೆ ವಯಸ್ಸು' ಅಂದ."

ಅವನು ವೀತಾಳ ಕಡೆ ನೋಡಿದ.

"ಎರಡು ವರ್ಷದಲ್ಲಿ ಮದುವೆ ಆಗಿ, ಮಗು ಹೆತ್ತು, ಗಂಡನ್ನೂ ಕಳ್ಕೊಂಡಳು ಅಂದ್ಕೊಂಡೆ. ನಾನು ಬೆನ್ನು ತಿರುಗಿಸಿದ ಕೂಡಲೇ ಇನ್ನೊಬ್ಬನ ಕೈ ಹಿಡಿದಳು ಅಂದ್ಕೊಂಡೆ. ಸೂತಕದಲ್ಲಿ ಕೂತ ಹೆಂಗಸನ್ನ ಹೋಗಿ ಮಾತಾಡಿಸೋದು ಹೇಗೆ? ಯಾವ ಮುಖ ಇಟ್ಕೊಂಡು? ಅದೇ ಸಂಜೆ ಹಡಗು ಹತ್ತಿದೆ."

ವೀತಾ ಬಾಯಿ ತೆರೆದವಳು ಹಾಗೆಯೇ ಇದ್ದಳು.

"ಆ ಮಗು... ನಾನು!" ಎಂದಳು. "ನಾನು ಅವಳ ಮಗಳಲ್ಲ! ಅಕ್ಕನ ಮಗಳು! ಚಿಕ್ಕಮ್ಮನಿಗೆ ಮದುವೆನೇ ಆಗಿಲ್ಲ!"

ಗಾಸ್ಪಾರೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. 

"ಮದುವೆ ಆಗಿಲ್ವಾ...? ಮತ್ತೆ... ಆ ಕಪ್ಪು? ಯಾರಿಗಾಗಿ ಉಟ್ಟಿದ್ದೆ?"

ನಿನ್ಫಾ ಅವನನ್ನೇ ನೋಡುತ್ತ ನಿಂತಿದ್ದಳು. ಅಳು ಬರಲಿಲ್ಲ. ಅತ್ತು ಅತ್ತು ಯಾವಾಗಲೋ ಬತ್ತಿದ ಬಾವಿ ಅದು.

"ನಿನಗಾಗಿ."

ಅವನು ಬಾಗಿಲಿಗೆ ಒರಗಿದ. ತನ್ನ ಸಾವಿನ ಪಟ್ಟಿಗೇ ಬೆನ್ನು ಕೊಟ್ಟು ನಿಂತ.

"ನನಗಾ...?"

"ನಿನಗೆ. ನಿನಗಾಗಿ ಉಟ್ಟ ಬಟ್ಟೆ ನೋಡಿ ನೀನೇ ವಾಪಸ್ ಹೋದೆ."

ಮೇನಾ ಅಜ್ಜಿ ಮೂಗು ಏರಿಸಿ, ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಒಂದು ಕೂಗು ಹಾಕಿದ್ರೆ ಆಗ್ತಿತ್ತಲ್ಲೋ, ಕತ್ತೆ! ಮೇಲಿಂದ ಒಂದೇ ಒಂದು ಕೂಗು..."

 ಅವನು ಎಡಗೈಯನ್ನು ಮುಖಕ್ಕೆ ತಂದುಕೊಂಡ. ಆಗ ನಿನ್ಫಾ ನೋಡಿದಳು.

ಉಂಗುರ.

ಬಂಗಾರದ್ದಲ್ಲ, ಸವೆದ ಬೆಳ್ಳಿಯದು. ಆದರೂ ಉಂಗುರ.

"ಮದುವೆ ಆದೆಯಾ?" ಅವಳ ದನಿ ಎಷ್ಟು ಶಾಂತವಾಗಿತ್ತೆಂದರೆ ವೀತಾಳಿಗೆ ಹೆದರಿಕೆಯಾಯಿತು.

"ಆದೆ" ಎಂದ ಗಾಸ್ಪಾರೆ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಿನ್ನ ನೋಡಿ ಹೋದ ಮೇಲೆ, ಎಷ್ಟೋ ವರ್ಷ ಬಿಟ್ಟು. ಒಳ್ಳೆಯವಳು. ಹೃದಯದ ಕಾಯಿಲೆ ಇತ್ತು... ಹೋದಳು. ಮಕ್ಕಳಿಲ್ಲ."

"ಒಳ್ಳೆಯವಳು..." ನಿನ್ಫಾ ನಕ್ಕಳು. ಆ ನಗುವನ್ನು ನೋಡಲಾಗುತ್ತಿರಲಿಲ್ಲ. "ನಾನಿಲ್ಲಿ ನಿನ್ನ ಹೆಣ ಇಲ್ಲದ ಗೋರಿ ಕಾಯ್ತಾ ಕೂತಿದ್ದೆ! ಬಂದ ಸಂಬಂಧಕ್ಕೆಲ್ಲ ಇಲ್ಲ ಅಂದೆ. ಅಪ್ಪ ಸಾಯುವಾಗ ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಸತ್ತ. ಹಬ್ಬಕ್ಕೆ ಹಾಡಲಿಲ್ಲ, ಕುಣೀಲಿಲ್ಲ, ಆ ಎರಡನೇ ಬೇಸಿಗೆ ಆದ್ಮೇಲೆ ಈ ಕಡಲಿಗೆ ಇವತ್ತಿನವರೆಗೂ ಕಾಲಿಡಲಿಲ್ಲ! ನೀನಲ್ಲಿ ಮದುವೆ ಊಟ ಉಂಡೆ!"

"ನಿನ್ಫಾ..."

"ಸತ್ತೇ ಇರಬೇಕಿತ್ತು ನೀನು! ಸತ್ತವನು ನನ್ನವನಾಗಿದ್ದ!"

ಬುಟ್ಟಿ ಅಲ್ಲೇ ಬಿಟ್ಟು ಅವಳು ಬಸ್ಸಿನ ಕಡೆ ನಡೆದಳು. ಕಪ್ಪು ಬೂಟಿನೊಳಗೆ ಮರಳು ತುಂಬಿತು. ಕೊಡವಲಿಲ್ಲ.

ಬಸ್ ನಿಲ್ಲುವ ಜಾಗದ ಕಲ್ಲು ಬೆಂಚಿನ ಮೇಲೆ ವೀತಾ ಅವಳ ಪಕ್ಕ ಬಂದು ಕೂತಳು. ಒಂದು ಬಸ್ಸು ಬಂತು. ನಿನ್ಫಾ ಏಳಲಿಲ್ಲ. ಬಸ್ಸು ಹೋಯಿತು.

'ಸತ್ತೇ ಇರಬೇಕಿತ್ತು ಅಂದುಬಿಟ್ಟೆನಲ್ಲ... ಬದುಕಿ ಬರಲಿ ಅಂತ ಎಷ್ಟು ಮೇಣದಬತ್ತಿ ಹಚ್ಚಿದ್ದೆ ಮೊದಮೊದಲು... ಬಂದ ಮೇಲೆ ಹೀಗಂದೆನಲ್ಲ...'

"ಚಿಕ್ಕಮ್ಮ" ವೀತಾ ಮೆಲ್ಲಗೆ ಕರೆದಳು, "ನನ್ನಿಂದ ಆಗಿದ್ದಾ ಇದು? ನಾನು ಆವತ್ತು ನಿನ್ನ ತೊಡೆ ಮೇಲೆ ಇರದಿದ್ರೆ..."

"ಹುಚ್ಚಿ!" ನಿನ್ಫಾ ಅವಳ ತಲೆಯನ್ನು ಎದೆಗೆಳೆದುಕೊಂಡಳು. "ಆವತ್ತು ನೀನು ತೊಡೆ ಮೇಲೆ ಇರದಿದ್ರೆ ನಾನು ನೀರಿಗಿಳೀತಿದ್ದೆ. ವಾಪಸ್ ಬರ್ತಿರಲಿಲ್ಲ."

ವೀತಾ ತಲೆಯೆತ್ತಿ ನೋಡಿದಳು. ಇದನ್ನು ಚಿಕ್ಕಮ್ಮ ಯಾರಿಗೂ ಹೇಳಿರಲಿಲ್ಲ.

ಮೇನಾ ಅಜ್ಜಿ ಮೇಲುಸಿರು ಬಿಡುತ್ತ, ಬಿಟ್ಟುಬಂದ ಬುಟ್ಟಿ ಹೊತ್ತು ಬಂದಳು.

"ಬದನೆಕಾಯಿ ಹಾಕಿದ ಬುತ್ತಿನ ಯಾರಾದ್ರೂ ಮರಳಲ್ಲಿ ಬಿಟ್ಟು ಬರ್ತಾರೇನೇ?" ಎಂದು ಬೈದು ಪಕ್ಕದಲ್ಲಿ ಕೂತಳು.  ಆಮೇಲೆ ಎಂದಳು:

"ಸಾವೇರಿಯಾ ಪ್ರತಿ ವರ್ಷ ಆ ಬಾಗಿಲಿಗೆ ತಾನೇ ಬಣ್ಣ ಬಳೀತಿದ್ದಳು. ಕಾಗದ ಕೆರೆದು ತೆಗೀತೀನಿ ಅಂದ ಕೆಲಸದವನಿಗೆ ಕೈಯೆತ್ತಿದ್ದಳು. ಮಗನ ನೆನಪು, ಪಾಪ, ಅಂದ್ಕೊಂಡೆವು ನಾವು. ಈಗ ಅರ್ಥ ಆಗ್ತಿದೆ. ಒಂದು ಸಲ ಊರಿಗೆಲ್ಲ ಸತ್ತ ಅಂತ ಸಾರಿದ ಮೇಲೆ, ಬದುಕಿದ್ದಾನೆ ಅಂತ ಹೇಳೋಕೆ ಬಾಯಿ ಎಲ್ಲಿಂದ ತರ್ತಾಳೆ? ಹಬ್ಬದ ದಿನ ಎರಡು ತಟ್ಟೆ ಇಡ್ತಿದ್ದಳು. ಒಂದರಲ್ಲಿ ತಿಂತಿದ್ದಳು. ಇನ್ನೊಂದನ್ನ ತೊಳೆದಿಡ್ತಿದ್ದಳು."

ನಿನ್ಫಾ ಕೇಳಿಸಿಕೊಂಡಳೋ ಇಲ್ಲವೋ.

"ಹೋದ ವರ್ಷ ನನ್ನ ಕೇಳಿದಳು, 'ಆ ದರ್ಜಿ ಹುಡುಗಿ ಈಗ ಎಲ್ಲಿದ್ದಾಳೆ?' ಅಂತ. ಯಾಕೆ ಅಂದೆ. 'ಅವಳು ಇನ್ನೂ ಕಪ್ಪು ಉಡ್ತಾಳಾ?' ಅಂದಳು. ನನಗೇನು ಗೊತ್ತು, ಅಂದೆ. ಆಮೇಲೆ ಅವಳು ಎದ್ದು ಒಳಗೆ ಹೋದಳು."

ಇನ್ನೊಂದು ಬಸ್ಸು ಬಂತು. ಅದೂ ಹೋಯಿತು.

"ಇದು ಆಯ್ತು ಅಂದ್ರೆ ಇನ್ನು ಕೊನೆಯದು ಒಂದೇ" ಎಂದಳು ವೀತಾ. "ಹತ್ತೋದಾದ್ರೆ ಹತ್ತೋಣ, ಚಿಕ್ಕಮ್ಮ. ಆದ್ರೆ ಕೇಳು. ನನ್ನವನು ನಾಳೆ ಸತ್ತ ಅಂತ ಸುದ್ದಿ ಬಂದು, ಇಪ್ಪತ್ತು ವರ್ಷ ಆದ್ಮೇಲೆ ಬಾಗಿಲ ಮುಂದೆ ನಿಂತ್ರೆ... ಅವನ ಕೈಯಲ್ಲಿ ಹತ್ತು ಉಂಗುರ ಇರಲಿ, ಮೊದಲು ಕೆನ್ನೆಗೊಂದು ಬಾರಿಸ್ತೀನಿ. ಆಮೇಲೆ ಬಿಡ್ತೀನಾ?"

ನಿನ್ಫಾ ಎದ್ದಳು. ಬೂಟು ಬಿಚ್ಚಿದಳು. ಕಪ್ಪು ಕಾಲುಚೀಲವನ್ನೂ ಬಿಚ್ಚಿ ಬುಟ್ಟಿಗೆ ಹಾಕಿದಳು. ಬರಿಗಾಲಿನಲ್ಲಿ ಮರಳಿಗಿಳಿದಳು.

ಹೊತ್ತು ಇಳಿಯುತ್ತಿತ್ತು. ಅಂಗಳದಲ್ಲಿ ಜನ ಕುರ್ಚಿ, ಕೊಡೆ, ಪಾತ್ರೆ ಕಟ್ಟುತ್ತಿದ್ದರು. ಗಾಸ್ಪಾರೆ ಬಾಗಿಲ ಮುಂದೆ ನೆಲದ ಮೇಲೆ ಕೂತಿದ್ದ. ತಾಯಿಯ ಪಟ್ಟಿ ಪಕ್ಕದಲ್ಲಿ ಬಿಚ್ಚಿಕೊಂಡೇ ಬಿದ್ದಿತ್ತು. ಬಟ್ಟಲಿನ ಅಂಟು ಕೆನೆಗಟ್ಟಿತ್ತು.

ಅವಳ ಬರಿಗಾಲು ನೋಡಿ ಅವನು ತಲೆಯೆತ್ತಿದ.

"ಅಂಟಿಸಲಿಲ್ವಾ?" ಕೇಳಿದಳು.

"ಹೇಗೆ ಅಂಟಿಸಲಿ? ನಿನ್ನ ಬದುಕು ತಿಂದವಳಿಗೆ... ನನ್ನ ಕೈ ಏಳ್ತಿಲ್ಲ. ಹರಿದು ಕಡಲಿಗೆ ಹಾಕೋಣ ಅನ್ನಿಸ್ತಿದೆ."

ನಿನ್ಫಾ ಬಟ್ಟಲು ತೆಗೆದುಕೊಂಡಳು. ಕಡಲಿನ ನೀರು ಒಂದು ಬೊಗಸೆ ಬೆರೆಸಿ, ಬೆರಳಿನಿಂದ ಕಲಸಿದಳು. ಅಂಟು ಸಡಿಲವಾಯಿತು.

"ಹಿಡಿ ಮೇಲಿನ ತುದಿ" ಎಂದಳು.

"ನೀನಾ? ನೀನು ಅಂಟಿಸ್ತೀಯಾ?"

"ಅವಳು ನಿನ್ನ ಹೆತ್ತವಳು. ಬದುಕಿದ್ದ ಮಗನಿಗೆ ಅತ್ತಳು, ಸರಿ. ಸತ್ತ ಮೇಲೆ ಅವಳಿಗೆ ಯಾರೂ ಅಳದೆ ಇರಬಾರದು. ಹಿಡಿ, ಓರೆಯಾಗಿ... ಹಾಂ, ಹಾಗೆ."

ಇಬ್ಬರೂ ಸೇರಿ ಅಂಟಿಸಿದರು. ಹಳೆಯ ಪಟ್ಟಿಯ ಮೇಲೆ ಹೊಸದು ಸರಿಯಾಗಿ ಕೂತಿತು. 'ಮಗನಿಗಾ...' ಎಂಬ ಅಕ್ಷರ ಅದರ ಕೆಳಗೆ ಮುಚ್ಚಿಹೋಯಿತು. ಅವಳು ಅಂಗೈಯಿಂದ ಸವರಿ ಸುಕ್ಕು ತೆಗೆದಳು. ಹೊಸ ಬಟ್ಟೆ ಸವರುವ ಹಾಗೆ.

ಆಗ ಗಾಸ್ಪಾರೆ ಅತ್ತ. ದೊಡ್ಡ ಗಂಡಸು, ಹಣೆಯನ್ನು ಬಾಗಿಲಿಗೆ ಕೊಟ್ಟು ಮಗುವಿನಂತೆ ಅತ್ತ. ನಿನ್ಫಾ ತಡೆಯಲಿಲ್ಲ.

ಅಳು ಮುಗಿದ ಮೇಲೆ ಅವನು ತಿರುಗಿದ. ಅವಳ ಕಪ್ಪು ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದ.

"ನಿನ್ಫಾ... ಕೇಳೋಕೆ ನನಗೆ ಯಾವ ಹಕ್ಕೂ ಇಲ್ಲ. ಆದ್ರೂ ಕೇಳ್ತೀನಿ. ನಾನು ಬದುಕಿದ್ದೀನಿ. ಇನ್ನಾದ್ರೂ ಈ ಕಪ್ಪು ಬಿಚ್ಚಿಬಿಡು."

ಅವಳು ತಲೆಯಾಡಿಸಿದಳು. "ಆಗಲ್ಲ."

ಅವನ ಬೆರಳು ಸಡಿಲವಾಯಿತು. "ಸರಿ... ಕ್ಷಮಿಸು ಅಂತ ಹೇಳೋಕೂ..."

"ಈ ವರ್ಷ ಆಗಲ್ಲ" ಎಂದಳು ನಿನ್ಫಾ. ಮುಖ ಕಡಲ ಕಡೆಗಿತ್ತು. "ಅತ್ತೆ ತೀರಿಕೊಂಡಿದ್ದಾರೆ. ಸೊಸೆಯಾದವಳು ವರ್ಷ ತುಂಬೋವರೆಗೆ ಉಡಬೇಕು."

ಗಾಸ್ಪಾರೆ ಅವಳ ಎದುರಿಗೆ ಬಂದು ನಿಂತ.

"ಯಾವ... ಯಾವ ಸೊಸೆ?"

"ಗಟ್ಟಿಯಾಗಿ ಕೇಳಬೇಡ. ಮೇನಾ ಅಜ್ಜಿ ಕಿವಿ ಇಲ್ಲೇ ಇದೆ."

ಮೇಲೆ ರಸ್ತೆಯಲ್ಲಿ ಕೊನೆಯ ಬಸ್ಸಿನ ಸದ್ದು. ಕಟಕಟೆಯ ಬಳಿ ನಿಂತು ವೀತಾ ಕೈಬೀಸಿ ಕೂಗಿದಳು. ಆವತ್ತು ಅವನು ಕೂಗದೆ ಹೋದ ಜಾಗದಿಂದಲೇ ಕೂಗಿದಳು:

"ಚಿಕ್ಕಮ್ಮಾ! ನಾನು ಹೋಗ್ತಿದೀನಿ! ಅಮ್ಮನಿಗೆ ಏನು ಹೇಳ್ಲಿ?"

ನಿನ್ಫಾ ಕೈಯೆತ್ತಿ ಬೀಸಿದಳು. ಬಸ್ಸು ಹೊರಟಿತು. ಅದರ ಕಿಟಕಿಯಿಂದ ಒಂದು ಕೈ ಬಹಳ ದೂರದವರೆಗೆ ಆಡುತ್ತಿತ್ತು.

"ಸೂತಕ ಇದ್ದಾಗ ಮದುವೆ ಮಾಡೋ ಹಾಗಿಲ್ಲ, ಗೊತ್ತಲ್ವಾ?" ಗಾಸ್ಪಾರೆ ಮೆಲ್ಲಗೆ ಕೇಳಿದ. "ಪಾದ್ರಿ ಒಪ್ಪಲ್ಲ."

"ಗೊತ್ತು."

"ಮತ್ತೆ? ಮುಂದಿನ ಬೇಸಿಗೆವರೆಗೆ ಕಾಯ್ತೀಯಾ?"

ನಿನ್ಫಾ ನೀಲಿ ಬಾಗಿಲನ್ನು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು. ಹುಡುಗಿಯಾಗಿದ್ದಾಗ ತಟ್ಟುತ್ತಿದ್ದ ಹಾಗೆಯೇ.

"ಓಡಿಹೋಗೋರಿಗೆ ಸೂತಕ ಅಡ್ಡ ಬರಲ್ಲ, ಗಾಸ್ಪಾರೆ."